ವೆನಿಸ್‌ಗೆ ಮೂರು ಸೀಟು

ನರಗುಂದದ ಪೇಟೆಯಲ್ಲಿದ್ದ ನಮ್ಮ ಮನೆಗೆ ಒಂದು ವಾಸನೆ ಇತ್ತು. ಎಲ್ಲ ಮನೆಗಳಲ್ಲಿರುವ ಒಗ್ಗರಣೆಯ, ಊದುಬತ್ತಿಯ, ಒದ್ದೆ ಬಟ್ಟೆಯ ವಾಸನೆ ಅದಲ್ಲ. ಮುಂಭಾಗದಲ್ಲಿ ಅಪ್ಪನ ಬೀಜ-ಗೊಬ್ಬರದ ಅಂಗಡಿ, ಹಿಂಭಾಗದಲ್ಲಿ ನಾವು, ನಡುವೆ ಒಂದು ತಗಡಿನ ಬಾಗಿಲು. ಹತ್ತಿಗೆ, ಗೋವಿನಜೋಳಕ್ಕೆ, ಕಡಲೆಗೆ ಹೊಡೆಯುವ ಔಷಧಿಯನ್ನು ನಮ್ಮ ಕಡೆ ಎಣ್ಣೆ ಎಂದೇ ಕರೆಯುತ್ತಾರೆ. ಆ ಎಣ್ಣೆಯ ಡಬ್ಬಿಗಳು ಅಂಗಡಿಯಲ್ಲಿ ಹಿಡಿಯದೆ ಪಡಸಾಲೆಗೆ ಬಂದವು, ಪಡಸಾಲೆಯಿಂದ ದೇವರ ಜಗಲಿಯ ಕೆಳಗಿನ ಗೂಡಿಗೂ ಬಂದವು. ಬೇಸಿಗೆಯಲ್ಲಿ ತಗಡು ಕಾದಾಗ ಆ ವಾಸನೆ ಎದ್ದು ಬಂದು ಹಾಲಿನ ಪಾತ್ರೆಯ ಮೇಲೂ ದಿಂಬಿನ ಅರಿವೆಯ ಮೇಲೂ ಕೂರುತ್ತಿತ್ತು. ಸಾಲೆಯಲ್ಲಿ ನನ್ನ ಪಕ್ಕದಲ್ಲಿ ಕೂರುವವಳು ಒಂದು ದಿನ ನನ್ನ ಬುತ್ತಿಯ ಡಬ್ಬಿ ಮೂಸಿ, ಮೂಗು ಮುಚ್ಚಿಕೊಂಡು ಬೇರೆ ಸಾಲಿಗೆ ಎದ್ದುಹೋದಳು. ಅಂದಿನಿಂದ ನಾನೂ ಎಲ್ಲವನ್ನೂ ಮೂಸಿ ನೋಡತೊಡಗಿದೆ. ಆಗ ನನಗೆ ಹನ್ನೊಂದು ವರ್ಷ. ಮನೆಯವರೆಲ್ಲರ ಮೇಲೂ ನನಗೊಂದು ಹೇಸಿಗೆ ಶುರುವಾಗಿದ್ದು ಆ ಮೂಗಿನಿಂದಲೇ ಇರಬೇಕು.

ಹೆಚ್ಚಿನ ಹೇಸಿಗೆ ಅಪ್ಪನ ಮೇಲಿತ್ತು. ಅಪ್ಪ ಊಟಕ್ಕೆ ಕೂತರೆ ಪಕ್ಕದ ಮನೆಗೂ ಗೊತ್ತಾಗುತ್ತಿತ್ತು. ಸಾರನ್ನು ಅಂಗೈಯಲ್ಲಿ ತುಂಬಿಕೊಂಡು ಸುರಿಯುವ ಸದ್ದು, ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆಯುವ ಸದ್ದು, ಕೊನೆಗೊಂದು ತೇಗು. ಆತನ ಹೆಗಲ ಮೇಲೆ ಸದಾ ಒಂದು ಟವೆಲ್ಲು ಇರುತ್ತಿತ್ತು. ಬಾಯಿ, ಕಂಕುಳು, ಕಾಲಿನ ಬೆರಳ ಸಂದಿ ಎಲ್ಲಕ್ಕೂ ಅದೊಂದೇ. ಗಿರಾಕಿ ಬಂದರೆ ಕುರ್ಚಿಯನ್ನೂ ಅದರಿಂದಲೇ ಒರೆಸಿ, "ಬರ್ರಿ, ಕುಂದರ್ರಿ" ಎನ್ನುತ್ತಿದ್ದ. ಬೆಳಿಗ್ಗೆ ಹಣೆಯ ತುಂಬ ವಿಭೂತಿ ಹಚ್ಚಿ ಅರ್ಧ ಗಂಟೆ ಲಿಂಗಪೂಜೆ ಮಾಡುತ್ತಿದ್ದ ಅದೇ ಕೈಯಿಂದ, ಅವಧಿ ಮುಗಿದ ಎಣ್ಣೆಯ ಡಬ್ಬಿಗಳ ಚೀಟಿ ಕೆರೆದು ತೆಗೆಯುತ್ತಿದ್ದುದನ್ನು ನಾನು ಕಂಡಿದ್ದೇನೆ. ಅವ್ವ ಅದನ್ನೆಲ್ಲ ನೋಡಿಯೂ ನೋಡದಂತೆ ಇರುವವಳು. ರೋಣದ ದೊಡ್ಡ ಮನೆತನದಿಂದ ಬಂದವಳು ಎಂಬ ಠೇಂಕಾರ ಬೇರೆ. ಅಡುಗೆಮನೆಗೆ ಕಾಲಿಟ್ಟರೆ ತಲೆನೋವು ಬರುತ್ತಿತ್ತು ಆಕೆಗೆ.

ಅಡುಗೆಮನೆ ನೀಲತ್ತೆಯದು. ನೀಲವ್ವ ಎಂದು ಹೆಸರು, ಅಪ್ಪನ ಅಕ್ಕ. ಕೊಣ್ಣೂರಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಕಾರಣ, ಒಂದು ಟ್ರಂಕು ಹಿಡಿದು ತಮ್ಮನ ಮನೆಗೆ ಬಂದಳು. ನಾನು ಹುಟ್ಟುವ ಮೊದಲೇ ಬಂದವಳು, ಹೀಗಾಗಿ ನನಗೆ ಆಕೆಯಿಲ್ಲದ ಮನೆ ಗೊತ್ತೇ ಇರಲಿಲ್ಲ. ಬೆಳಕು ಹರಿಯುವ ಮೊದಲು ರೊಟ್ಟಿ ಬಡಿಯುವ ಸದ್ದಿನಿಂದ ನಾನು ಏಳುತ್ತಿದ್ದೆ. ಆಕೆಯ ಬಾಯಿ ಜೋರು, ನಗು ಇನ್ನೂ ಜೋರು. ಸಾಲೆ ಕಲಿತಿರಲಿಲ್ಲ. ರೇಷನ್ ಚೀಟಿ, ಲಗ್ನಪತ್ರಿಕೆ, ಬಸ್ಸಿನ ಬೋರ್ಡು ಎಲ್ಲವನ್ನೂ ನಾನೇ ಓದಿ ಹೇಳಬೇಕು. ಓದಿದ್ದಕ್ಕೆ ಲಂಚವಾಗಿ ಒಂದು ಬೆಲ್ಲದ ತುಂಡು, ಇಲ್ಲವೇ ಹುರಿದ ಶೇಂಗಾ ಕೈಗೆ ಹಾಕುತ್ತಿದ್ದಳು. ಆ ಮನೆಯಲ್ಲಿ ನನಗೆ ಹೇಸಿಗೆ ತರಿಸದ ಒಂದೇ ಜೀವ ಅದು. ಆಕೆಯ ಸೆರಗಿಗೆ ಮೂಗಿಟ್ಟರೆ ಹಿಟ್ಟಿನ ವಾಸನೆ ಬರುತ್ತಿತ್ತು, ಎಣ್ಣೆಯದಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳು. ಔಷಧಿ ಕಂಪನಿಯ ಮನುಷ್ಯ ಒಬ್ಬ ಅಂಗಡಿಗೆ ಬಂದು ಅಪ್ಪನ ಕೈ ಕುಲುಕಿ, ಮಿರಿಮಿರಿ ಮಿಂಚುವ ಒಂದು ಪುಸ್ತಕ ಕೊಟ್ಟುಹೋದ. ಆ ವರ್ಷ ಹೆಚ್ಚು ಮಾಲು ಮಾರಿದ ಅಂಗಡಿಯವರನ್ನೆಲ್ಲ ಕಂಪನಿ ಇಟಲಿ ದೇಶದ ವೆನಿಸ್ ಎಂಬ ಹಳೆಯ ಪಟ್ಟಣಕ್ಕೆ ಕರೆದೊಯ್ಯುತ್ತದಂತೆ, ಮೇ ತಿಂಗಳ ಕೊನೆಗೆ. ನಮ್ಮ ಮನೆಗೆ ಮೂರು ಸೀಟು. ಅಪ್ಪ ಆ ಪುಸ್ತಕವನ್ನು ತಂದು ಪಡಸಾಲೆಯ ನಡುವೆ ಇಟ್ಟ. ನೀರಿನ ಕಡೆ ವಾಲಿದ ಕಟ್ಟಡಗಳು, ಹಸಿರು ನೀರು, ಕರಿಯ ದೋಣಿಗಳು. ಅವ್ವ, ಅಪ್ಪ, ನಾನು ಎಂದು ನಾನು ಮನಸ್ಸಿನಲ್ಲೇ ಎಣಿಸಿಕೊಂಡಿದ್ದೆ. ಅಷ್ಟರಲ್ಲಿ ಅಪ್ಪ ಅಡುಗೆಮನೆಯ ಕಡೆ ತಿರುಗಿ ಕೂಗಿದ:

"ಅಕ್ಕಾ, ಬಾ ಇಲ್ಲೆ. ಈ ಸಲ ನೀನೂ ವಿಮಾನ ಹತ್ತತಿ ನೋಡ."

ನೀಲತ್ತೆ ಹಿಟ್ಟಿನ ಕೈಯಲ್ಲೇ ಬಂದು ನಿಂತಳು.

"ಚಾಷ್ಟಿ ಮಾಡಬ್ಯಾಡ ತಮ್ಮಾ. ನಾ ಹುಬ್ಬಳ್ಳಿ ದಾಟಿದಾಕಿ ಅಲ್ಲ."

"ಖರೇನ ಅಕ್ಕಾ. ಇಷ್ಟು ವರ್ಷ ನಮಗ ಮಾಡಿ ಹಾಕಿದಿ. ಶೈಲಿ ಇನ್ನೂ ಸಣ್ಣಾಕಿ, ಮುಂದ ಹೋಗತಾಳ. ಈಗ ನಿನ್ನ ಪಾಳಿ."

ನೀಲತ್ತೆ ಬಾಗಿಲ ಚೌಕಟ್ಟು ಹಿಡಿದು ಹಾಗೇ ನಿಂತಿದ್ದಳು. ಆಮೇಲೆ ಮುಖ ತಿರುಗಿಸಿಕೊಂಡು ಒಳಗೆ ಹೋದಳು, ಹೆಂಚಿನ ಮೇಲಿನ ರೊಟ್ಟಿ ಸೀದುಹೋಗಿತ್ತು. ಆಕೆ ರೊಟ್ಟಿ ಸೀಯಿಸಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ನಾನು ಎರಡು ದಿನ ಆಕೆಯ ಜೊತೆ ಮಾತು ಬಿಟ್ಟೆ. ಆದರೆ ಆಕೆಗೆ ಓದಿ ಹೇಳಲು ನಾನೇ ಬೇಕಿತ್ತು. ಮೂರನೆಯ ದಿನ ಪುಸ್ತಕ ಹಿಡಿದುಕೊಂಡು ನನ್ನ ಪಕ್ಕದಲ್ಲಿ ಬಂದು ಕೂತಳು.

"ಇದೇನು ಶೈಲಿ, ಊರತುಂಬ ನೀರು? ನಮ್ಮ ಕೊಣ್ಣೂರಾಗ ಹೊಳಿ ಬಂದಂಗ ಐತೆಲಾ."

"ಅಲ್ಲಿ ಯಾವಾಗ್ಲೂ ಹಂಗ ಇರತೈತಂತ ಅತ್ತಿ. ಬೀದಿ ಅಂದ್ರ ನೀರ."

"ಕೊಣ್ಣೂರಾಗ ನೀರು ಬಂತಂದ್ರ ನಾವು ಕಾಳಿನ ಚೀಲ ಹೊತಗೊಂಡು ಗುಡಿ ಮಾಳಗಿ ಹತ್ತತಿದ್ವಿ. ಇವರು ನೋಡ, ನೀರಾಗ ಕುಂತು ನಗಾಕತ್ತಾರ!"

ನಕ್ಕೂ ನಕ್ಕೂ ಆಕೆಯ ಕಣ್ಣಲ್ಲಿ ನೀರು ಬಂತು. ನನ್ನ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು. ಇಂಗ್ಲಿಷಿನಲ್ಲಿದ್ದ ಆ ಪುಸ್ತಕದಲ್ಲಿ ನನಗೆ ತಿಳಿದದ್ದು ಕಡಿಮೆ. ತಿಳಿಯದ ಕಡೆ ನಾನೇ ಕಟ್ಟಿ ಹೇಳುತ್ತಿದ್ದೆ. ಅವಳು ಅಷ್ಟನ್ನೂ ನಂಬುತ್ತಿದ್ದಳು.

ಮುಂದಿನ ಎರಡು ತಿಂಗಳು ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಗಜೇಂದ್ರಗಡದಲ್ಲಿ ಅಪ್ಪನ ಹಾಗೇ ಅಂಗಡಿ ಇಟ್ಟಿದ್ದ ಗೆಳೆಯನೊಬ್ಬ ಹಿಂದಿನ ವರ್ಷ ಕಂಪನಿಯ ಖರ್ಚಿನಲ್ಲಿ ಹೊರದೇಶ ನೋಡಿ ಬಂದಿದ್ದ. ಆತನನ್ನು ನಾನು ಕಾಕಾ ಎನ್ನುತ್ತಿದ್ದೆ. ವಾರಕ್ಕೊಮ್ಮೆ ಆತ ಬಂದು ನಮ್ಮ ಪಡಸಾಲೆಯಲ್ಲಿ ಕೂತು ಪಾಠ ಹೇಳುತ್ತಿದ್ದ. ಪಾಠವೆಲ್ಲ ಬಹುತೇಕ ಸಂಡಾಸಿನದು. ಅಲ್ಲಿ ನೀರಿರುವುದಿಲ್ಲ, ಕಾಗದ ಮಾತ್ರ. ಕಾಗದದಿಂದ ಹೇಗೆ, ಎಷ್ಟು, ಆಮೇಲೆ ಏನು ಎಂಬುದನ್ನು ಊಟದ ತಾಟಿನ ಮುಂದೆ ಕೂತು ಕೈಸನ್ನೆಯಿಂದ ತೋರಿಸುತ್ತಿದ್ದ. ಅಪ್ಪ ಮೊಸರನ್ನದ ಬಾಯಲ್ಲೇ ಹೊಟ್ಟೆ ಹಿಡಿದು ನಗುತ್ತಿದ್ದ. ಅನ್ನದ ಅಗುಳು ನನ್ನ ತಾಟಿನ ಅಂಚಿಗೆ ಬಂದು ಬೀಳುತ್ತಿದ್ದವು. ಒಂದು ದಿನ ಅಪ್ಪ ಮೂರು ಪ್ಲಾಸ್ಟಿಕ್ ತಂಬಿಗೆ ತಂದು, ಒಂದರೊಳಗೊಂದು ಕೂರಿಸಿ, ಸೂಟ್‌ಕೇಸಿನಲ್ಲಿ ಅವ್ವನ ಹೊಸ ಸೀರೆಗಳ ಮೇಲೆ ಇಟ್ಟ. ಆ ಸೂಟ್‌ಕೇಸು ರೋಣದ ಮಾವನ ಮನೆಯಿಂದ ಕಡ ತಂದದ್ದು. ತಂಬಿಗೆ ನೋಡಿ ಅವ್ವ ಕೂಗಾಡಿದಳು. ಅಪ್ಪ ಅವಳ ತವರುಮನೆಯನ್ನೇ ಎತ್ತಿ ಬೈದ. ಇಬ್ಬರೂ ಬಾಯಿಗೆ ಬಂದದ್ದು ಅಂದುಕೊಂಡು, ಸಂಜೆ ಸೇರಿ ಒಂದೇ ತಾಟಿನಲ್ಲಿ ಮಿರ್ಚಿ ತಿಂದರು. ಜಗಳವೂ ಜಿಡ್ಡು, ರಾಜಿಯೂ ಜಿಡ್ಡು ಎನಿಸುತ್ತಿತ್ತು ನನಗೆ.

ನೀಲತ್ತೆ ಮಾತ್ರ ತನ್ನದೇ ತಯಾರಿಯಲ್ಲಿದ್ದಳು. ಅಲ್ಲಿ ಕಲ್ಲು ಹಾಸಿದ ಸೇತುವೆಗಳು, ಚಪ್ಪಲಿ ಜಾರುತ್ತವೆ ಎಂದು ಕಾಕಾ ಹೇಳಿದ್ದೇ ತಡ, ಪೇಟೆಗೆ ಹೋಗಿ ಬಿಳಿಯ ಕ್ಯಾನ್ವಾಸ್ ಬೂಟು ತಂದಳು. ಜೀವಮಾನದಲ್ಲಿ ಬೂಟು ಹಾಕಿದವಳಲ್ಲ. ಸಂಜೆ ಬಿಸಿಲು ಇಳಿದ ಮೇಲೆ ಮಾಳಿಗೆ ಹತ್ತಿ, ಸೀರೆಯನ್ನು ಮೇಲೆತ್ತಿ ಸಿಕ್ಕಿಸಿ, ಆ ಕಡೆಯಿಂದ ಈ ಕಡೆಗೆ ನಡೆದು ನಡೆದು ರೂಢಿ ಮಾಡಿಕೊಳ್ಳುತ್ತಿದ್ದಳು. ಹಿಂದೆ ಗುಡ್ಡದ ಕೋಟೆ ಕೆಂಪಾಗಿ ಕಾಣುತ್ತಿತ್ತು. ಪಕ್ಕದ ಮನೆಯ ಹೆಂಗಸರು ಕೇಳಿದರೆ, "ಇಟಲಿಗೆ ಹೊಂಟೀನ್ರೆ, ನಿಮಗೇನ ತರಲಿ?" ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಅವ್ವ ನನ್ನನ್ನು ಕಾಳಿನ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ನಾಳೆ ಹುಬ್ಬಳ್ಳಿಗೆ ಹೋಗೂಣು. ಅತ್ತಿ ಮುಂದ ರೋಣಕ್ಕ ಹೊಂಟೀವಿ ಅನ್ನು. ಮೂರನೇ ಸೀಟು ನಿಂದ ಐತಿ."

"ಅದು ಅತ್ತಿದು ಅಂತ ಅಪ್ಪ ಅಂದಿದ್ನಲಾ?"

"ಅದು ಬ್ಯಾರೆ ಮಾತು. ಚಿಕ್ಕನರಗುಂದದ ಹೊಲ್ದಾಗ ಆಕಿ ಪಾಲು ಐತಿ. ಬಾಯಿಲೆ ಕೇಳಿದ್ರ ಕೊಡಾಕಿ ಅಲ್ಲ. ನಿನಗ ವಿಮಾನ ಹತ್ತೂದ ಬೇಕೋ ಬ್ಯಾಡೋ?"

ಆ ಹೊಲ ನನಗೆ ಗೊತ್ತಿತ್ತು. ಅಜ್ಜನ ಕಾಲದ್ದು, ಕಾಲುವೆ ನೀರು ಹಾಯುವ ಎರೆ ನೆಲ. ಅಜ್ಜ ಹೋದ ಮೇಲೆ ಹೊಲದ ಸರ್ಕಾರಿ ಕಾಗದವಾದ ಉತಾರದಲ್ಲಿ ಅಪ್ಪನದೂ ನೀಲತ್ತೆಯದೂ ಹೆಸರು ಜೊತೆಗೇ ಬಂದಿದ್ದವು. ಅವ್ವ ಹೇಳಿದ್ದು ನನಗೆ ಪೂರ್ತಿ ತಿಳಿಯಲಿಲ್ಲ ಎಂದು ಈಗ ಬರೆದುಕೊಂಡರೆ ಸುಳ್ಳಾಗುತ್ತದೆ. ತಿಳಿಯಿತು. ಬೇಕು ಎಂದು ಗೋಣು ಹಾಕಿದೆ. ಮರುದಿನ ಹುಬ್ಬಳ್ಳಿಯಲ್ಲಿ ನಮ್ಮ ಮೂವರ ಪಾಸ್‌ಪೋರ್ಟಿನ ಕೆಲಸ ಮುಗಿಸಿ, ಐಸ್‌ಕ್ರೀಮು ತಿಂದು, ಸಂಜೆ ಮನೆಗೆ ಬಂದೆವು. ರೋಣದವರು ಹೇಗಿದ್ದಾರೆ ಎಂದು ನೀಲತ್ತೆ ಕೇಳಿದಳು. ಚಲೋ ಅದಾರ ಎಂದೆ.

ಅದಾದ ವಾರಕ್ಕೆ ಅಪ್ಪ ಆಕೆಯನ್ನು ಪಾಸ್‌ಪೋರ್ಟ್ ಮಾಡಿಸಲು ಎಂದು ನಮ್ಮೂರ ಕಚೇರಿಯೊಂದಕ್ಕೆ ಕರೆದೊಯ್ದ. ಜೊತೆಗೆ ಹೆಣ್ಣುಮಗಳು ಬೇಕೆಂದು ನಾನು. ಗಜೇಂದ್ರಗಡದ ಕಾಕಾ ಮೊದಲೇ ಬಂದು ನಿಂತಿದ್ದ, ಸಾಕ್ಷಿ ಹಾಕಲು. ನೀಲತ್ತೆ ಇಳಕಲ್ ಸೀರೆ ಉಟ್ಟು, ಆ ಬಿಳಿ ಬೂಟು ಹಾಕಿಕೊಂಡು ಬಂದಿದ್ದಳು. ಒಳಗೆ ಫ್ಯಾನು ತಿರುಗುತ್ತಿದ್ದರೂ ಎಲ್ಲರ ಬೆನ್ನೂ ಒದ್ದೆ. ಹಳೆಯ ಕಾಗದದ, ಅಂಟಿನ, ಬೆವರಿನ ಮುಗ್ಗಲು ವಾಸನೆ. ಅಪ್ಪ ಹೆಗಲ ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತ ಆಕೆಯ ಕಿವಿಯ ಹತ್ತಿರ ಬಾಗಿದ.

"ಸಾಹೇಬ್ರು ಸುತ್ತಿ ಬಳಸಿ ಕೇಳತಾರ ಅಕ್ಕಾ. ಏನ ಕೇಳಿದ್ರೂ ಹೌದ್ರಿ ಅನ್ನು. ಅಲ್ಲ ಅಂದಿ ಅಂದ್ರ ಪಾಸ್‌ಪೋರ್ಟ್ ಕೊಡಂಗಿಲ್ಲ."

ಆಮೇಲೆ ಅಪ್ಪ ಮತ್ತು ಕಾಕಾ ಬಾಗಿಲ ಕಡೆ ಹೋದರು. ಹೋಗುವಾಗ ಕಾಗದದ ಕಟ್ಟನ್ನು ಆಕೆಯ ತೊಡೆಯ ಮೇಲೆ ಬಿಟ್ಟುಹೋದರು. ಓದಲು ಬಾರದವಳು ಎಂಬ ಧೈರ್ಯ. ಆಕೆ ಅದನ್ನು ನನ್ನ ಕಡೆ ಸರಿಸಿದಳು.

"ಏನ ಬರದಾರ ಓದವಾ. ನನ್ನ ಹೆಸರು ಸರಿ ಹಾಕ್ಯಾರೇನು ನೋಡ."

ಮೊದಲ ಹಾಳೆಯ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಹಕ್ಕು ಬಿಡುಗಡೆ ಪತ್ರ ಎಂದಿತ್ತು. ಕೆಳಗೆ ಚಿಕ್ಕನರಗುಂದ, ಸರ್ವೆ ನಂಬರು, ಆಕೆಯ ಹೆಸರು, ನನ್ನ ಸ್ವಂತ ಇಚ್ಛೆಯಿಂದ, ಇನ್ನು ಮುಂದೆ ಸದರಿ ಜಮೀನಿನಲ್ಲಿ ನನಗಾಗಲಿ. ಅಲ್ಲಿಯವರೆಗೆ ಓದಿ ತಲೆ ಎತ್ತಿದೆ. ಬಾಗಿಲಲ್ಲಿ ಅಪ್ಪ ನನ್ನನ್ನೇ ನೋಡುತ್ತಿದ್ದ. ಗದರುವ ನೋಟವಲ್ಲ. ನಗುತ್ತಿದ್ದ, ನೀನೂ ನಮ್ಮವಳೇ ಎನ್ನುವ ಹಾಗೆ.

"ಪಾಸ್‌ಪೋರ್ಟಿಂದ ಐತಿ ಅತ್ತಿ. ಹೆಸರು ಸರಿ ಐತಿ."

ಆಕೆ ನನ್ನ ಕೆನ್ನೆ ಮುಟ್ಟಿ ಬೆರಳಿಗೆ ಮುತ್ತಿಟ್ಟುಕೊಂಡಳು.

ಒಳಗೆ ಕರೆದರು. ಸಣ್ಣ ಕ್ಯಾಮೆರಾದ ಮುಂದೆ ಕೂರಿಸಿ ಫೋಟೋ ತೆಗೆದರು. ಪಾಸ್‌ಪೋರ್ಟಿಗೆ ಫೋಟೋ, ಹೆಬ್ಬೆರಳು ಎರಡೂ ಬೇಕೆಂದು ಕಾಕಾ ಮೊದಲೇ ಹೇಳಿದ್ದ, ಆದ್ದರಿಂದ ಆಕೆಗೆ ಸಂಶಯ ಬರಲು ಕಾರಣವೇ ಇರಲಿಲ್ಲ. ಹೆಬ್ಬೆರಳು ಒಂದೆರಡು ಸಲ ಮೂಡಲಿಲ್ಲ, ಒರೆಸಿ ಮತ್ತೆ ಒತ್ತಿಸಿದರು. ಅಧಿಕಾರಿ ಒಳ್ಳೆಯ ಮನುಷ್ಯ, ಕನ್ನಡಕ ತೆಗೆದು ನೇರವಾಗಿ ಆಕೆಯನ್ನೇ ಕೇಳಿದ:

"ಅವ್ವಾರ, ನಿಮ್ಮ ಖುಷಿಲೇ ಬಿಡಾಕತ್ತೀರಲ್ಲ? ಯಾರೂ ಜುಲುಮಿ ಮಾಡಿಲ್ಲಲ್ಲ?"

ಊರು ಬಿಟ್ಟು ಹೋಗುವ ಮಾತೆಂದು ತಿಳಿದ ನೀಲತ್ತೆ ನಕ್ಕಳು.

"ಜುಲುಮಿ ಯಾಕ್ರಿ ಸಾಹೇಬ್ರ, ಖುಷಿಲೇ ಬಿಡಾಕತ್ತೀನಿ. ನನ್ನ ತಮ್ಮ ಅದಾನ್ರಿ."

ಹೊರಗೆ ಬಂದ ಮೇಲೆ ಅಪ್ಪ ಎಲ್ಲರಿಗೂ ಕಬ್ಬಿನ ಹಾಲು ಕುಡಿಸಿದ. ಲೋಟದ ಅಂಚಿನಲ್ಲಿ ನೊಣ ಕೂತಿತ್ತು. ನಾನು ಕುಡಿಯಲಿಲ್ಲ ಎಂದು ಕಾಕಾ ನನ್ನದನ್ನೂ ಕುಡಿದ.

ಆಮೇಲಿನ ದಿನಗಳೇ ಹೆಚ್ಚು ಹೊಲಸು. ಹೊರದೇಶದಲ್ಲಿ ತಿನ್ನಲು ಏನೂ ಸಿಗುವುದಿಲ್ಲವೆಂದು ಅಡುಗೆಮನೆಯಲ್ಲಿ ರಾಶಿ ರಾಶಿ ಬುತ್ತಿ ತಯಾರಾಗತೊಡಗಿತು. ಮೇ ತಿಂಗಳ ಆ ಉರಿಯಲ್ಲಿ ನೀಲತ್ತೆ ಒಲೆಯ ಮುಂದೆ ಕೂತು ಕಡಕ್ ರೊಟ್ಟಿ ಬಡಿದಳು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂದು ಚಟ್ನಿಪುಡಿಗಳನ್ನು ಕುಟ್ಟಿದಳು. ಬೆಲ್ಲದ ಸಿಹಿ ಮಾದಲಿ ಮಾಡಿದಳು, ಅವಲಕ್ಕಿಗೆ ಒಗ್ಗರಣೆ ಹಚ್ಚಿದಳು. ಬೆವರು ಗದ್ದದಿಂದ ಇಳಿದು ಎದೆಯ ಮೇಲೆ ಬೀಳುತ್ತಿತ್ತು. "ನನಗ ಅಲ್ಲಿ ಖಾರ ಇಲ್ಲದ ನಡಿಯಂಗಿಲ್ಲ" ಎಂದು ತನ್ನ ಪಾಲಿಗೆಂದು ಕೆಂಪು ಖಾರದ ಬೇರೆ ಡಬ್ಬಿ ಕಟ್ಟಿಕೊಂಡಳು. ಅಪ್ಪ ಬಂದು ಬೆರಳಿಂದ ರುಚಿ ನೋಡಿ, ಬೆರಳು ನೆಕ್ಕಿ, ಅದೇ ಬೆರಳನ್ನು ಮತ್ತೆ ಡಬ್ಬಿಗೆ ಹಾಕುತ್ತಿದ್ದ. "ಅಕ್ಕಾ, ನಿನ್ನ ಕೈಗೆ ಬಂಗಾರದ ಕಡಗ ಹಾಕಬೇಕು ನೋಡ" ಎನ್ನುತ್ತಿದ್ದ. ಅವ್ವ ಬಾಗಿಲಲ್ಲಿ ನಿಂತು ಪ್ಲಾಸ್ಟಿಕ್ ಚೀಲಗಳ ಬಾಯಿಗೆ ಮೇಣದ ಬತ್ತಿಯಿಂದ ಮುದ್ರೆ ಹಾಕುತ್ತಿದ್ದಳು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಎಣ್ಣೆಯ ವಾಸನೆ, ಹುರಿದ ಶೇಂಗಾದ ವಾಸನೆ ಎಲ್ಲ ಕಲಸಿ ನನಗೆ ತುತ್ತು ಇಳಿಯುತ್ತಿರಲಿಲ್ಲ. ಹೇಳಿಬಿಡಬೇಕು ಎಂದು ಎರಡು ಸಲ ಅಡುಗೆಮನೆಗೆ ಹೋದೆ. ಎರಡು ಸಲವೂ ಆಕೆ ಕೈಗೆ ಬೆಲ್ಲ ಹಾಕಿ ಕಳಿಸಿದಳು. ಬೆಲ್ಲ ತಿಂದುಕೊಂಡು ಹೊರಗೆ ಬಂದೆ.

ಹೊರಡಲು ಐದು ದಿನವಿದ್ದಾಗ, ಎಲ್ಲ ಬುತ್ತಿ ತಯಾರಾದ ಮೇಲೆ, ಅಪ್ಪ ಮುಖ ಸಣ್ಣದು ಮಾಡಿಕೊಂಡು ಬಂದ.

"ಅಕ್ಕಾ, ಭಾಳ ಕೆಟ್ಟ ಆತು. ನಿನ್ನ ಬೆರಳಿನ ಗೆರಿ ಹತ್ತಿಲ್ಲಂತ. ಗೆರಿ ಸವದಾವ, ವೀಸಾ ಕೊಡಂಗಿಲ್ಲ ಅಂದ್ರು. ಸೀಟು ಹಾಳ ಆಗೂದು ಬ್ಯಾಡ ಅಂತ ಶೈಲಿ ಹೆಸರಿಗೆ ಮಾಡೀನಿ."

ನೀಲತ್ತೆ ತನ್ನ ಎರಡೂ ಕೈ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಒಂದೊಂದೇ ಬೆರಳ ತುದಿಯನ್ನು ನೋಡಿದಳು.

"ಖರೆ ಐತಿ. ರೊಟ್ಟಿ ಬಡದ ಬಡದ ಎಲ್ಲಾ ಸವದಾವು. ಮೊದಲ ಗೊತ್ತಿದ್ರ ನಾಕ ದಿನ ತುಪ್ಪ ಹಚ್ಚಿಕೊಂತಿದ್ದೆ."

ತಪ್ಪು ತನ್ನ ಕೈಯದೇ ಎಂಬಂತೆ ಆಕೆ ಅಪ್ಪನ ಮುಂದೆ ನಾಚಿಕೊಂಡಳು. ಆಮೇಲೆ ನನ್ನ ತಲೆ ಸವರಿ, "ನೀ ನೋಡಿ ಬಂದ್ರ ನಾ ನೋಡಿದಂಗ" ಎಂದಳು. ನಾನು ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡೆ. ಬಿಸಿಲಿನ ಪಿತ್ತವೆಂದು ಆಕೆಯೇ ಬಂದು ಬೆನ್ನು ನೀವಿ, ನಿಂಬೆಹಣ್ಣು ಮೂಸಿಸಿದಳು.

ವೆನಿಸ್ ನೋಡಿದೆ. ನೋಡಿದ್ದನ್ನು ಹೇಳಲು ಹೆಚ್ಚಿಗೆ ಇಲ್ಲ. ಅಲ್ಲೂ ಬಿಸಿಲು, ಕಲ್ಲಿನಿಂದ ಎದ್ದು ಮುಖಕ್ಕೆ ಹೊಡೆಯುವ ಬಿಸಿಲು. ಪುಸ್ತಕದ ಹಸಿರು ನೀರು ಹತ್ತಿರ ಹೋದರೆ ಕೊಳೆತ ಪಾಚಿಯ ನಾತ ಹೊಡೆಯುತ್ತಿತ್ತು. ಕಂಪನಿ ಕೊಟ್ಟ ಒಂದೇ ಬಣ್ಣದ ಟೋಪಿ ಹಾಕಿಕೊಂಡ ನಲವತ್ತು ಮಂದಿ ಅಂಗಡಿಕಾರರು, ಅವರ ಹಿಂದೆ ಬೆವರಿಗೆ ಪೌಡರು ಕರಗಿದ ಹೆಂಡಂದಿರು. ಅಪ್ಪ ಗುಟ್ಕಾ ಪುಡಿಕೆಗಳನ್ನು ಕಾಲುಚೀಲದಲ್ಲಿ ಮುಚ್ಚಿಟ್ಟು ತಂದಿದ್ದ. ಸೇತುವೆಯ ಮೇಲೆ ನಿಂತು, ಅತ್ತ ಇತ್ತ ನೋಡಿ, ಆ ನೀರಿಗೆ ಉಗುಳಿದ. ಮಧ್ಯಾಹ್ನ ಒಂದು ಹಳೆಯ ಕಟ್ಟಡದ ಮೆಟ್ಟಿಲ ಮೇಲೆ ಎಲ್ಲರೂ ಸಾಲಾಗಿ ಕೂತು ಬುತ್ತಿ ಬಿಚ್ಚಿದರು. ಅಲ್ಲಿ ಕೂತು ಉಣ್ಣುವ ಹಾಗಿಲ್ಲವೆಂದು ಸಮವಸ್ತ್ರದ ಹೆಂಗಸೊಬ್ಬಳು ಬಂದು ಕೈ ಬೀಸಿ ಎಬ್ಬಿಸಿದಳು. ಅಪ್ಪ ರೊಟ್ಟಿಯ ಚೂರು ಬಾಯಲ್ಲಿ ತುಂಬಿಕೊಂಡೇ ಎದ್ದು, ಆಕೆಗೆ ಕೈಮುಗಿದು ನಕ್ಕ. ಅವ್ವ ನನಗೆಂದು ಒಂದು ಡಬ್ಬಿ ಬಿಚ್ಚಿದಳು. ಅದು ನೀಲತ್ತೆ ತನಗಾಗಿ ಕಟ್ಟಿಕೊಂಡಿದ್ದ ಕೆಂಪು ಖಾರ. ಅವ್ವ ಅದನ್ನೂ ಬಿಡದೆ ತಂದಿದ್ದಳು. ಎಂಟು ದಿನ ನಾನು ಬ್ರೆಡ್ಡು ತಿಂದು ಕಳೆದೆ.

ನಾವು ತಿರುಗಿ ಬಂದಾಗ ಹಿಂಬಾಗಿಲಿಗೆ ಕೀಲಿ ಹಾಕಿತ್ತು. ಕೀಲಿಕೈ ಪಕ್ಕದ ಮನೆಯಲ್ಲಿತ್ತು. ಒಳಗೆ ಒಲೆ ತಣ್ಣಗಿತ್ತು, ನೀಲತ್ತೆಯ ಟ್ರಂಕು ಇರಲಿಲ್ಲ. ಪಕ್ಕದವರು ಹೇಳಿದರು: ನಾವು ಹೋದ ಮೂರನೇ ದಿನ ಚಿಕ್ಕನರಗುಂದದಿಂದ ಒಬ್ಬ ರೈತ ಬಂದು, ಅಂಗಡಿ ಮುಚ್ಚಿದ್ದು ಕಂಡು ಹಿಂಬಾಗಿಲು ಬಡಿದನಂತೆ. ಹೊಲ ತಮ್ಮನ ಹೆಸರಿಗೆ ಆಗುವ ನೋಟೀಸು ಊರ ಚಾವಡಿಗೆ ಅಂಟಿಸಿದ್ದಾರೆ, ಬಿಟ್ಟುಕೊಟ್ಟದ್ದು ಖರೇ ಏನು ಎಂದು ಕೇಳಿದನಂತೆ. ಆಕೆ ಅಲ್ಲೇ ಹಿಟ್ಟಿನ ಕೈ ತೊಳೆದು, ಟ್ರಂಕು ಹೊರಿಸಿಕೊಂಡು ಆತನ ಜೊತೆಗೇ ಹೋದಳಂತೆ.

ಅಪ್ಪ ಬಟ್ಟೆ ಕೂಡ ಬದಲಿಸದೆ ಆಗಲೇ ಹೊರಟ. ಮಗುವನ್ನು ನೋಡಿದರೆ ಕರಗುತ್ತಾಳೆ ಎಂದು ನನ್ನನ್ನೂ ಕರೆದುಕೊಂಡ. ಹೊಲದ ಬದುವಿನಲ್ಲಿ ಅಜ್ಜ ಕಟ್ಟಿಸಿದ್ದ ಒಂದು ಕೋಣೆ ಇತ್ತು, ನೇಗಿಲು, ಕುಂಟೆಯಂಥ ಗಳೇವು ಸಾಮಾನು ಇಡುವುದು. ಅದರ ಮುಂದೆ ಮೂರು ಕಲ್ಲಿಟ್ಟು ಒಲೆ ಹೂಡಿದ್ದಳು. ಕಾಲಲ್ಲಿ ಅದೇ ಬೂಟುಗಳು, ಈಗ ಎರೆಮಣ್ಣು ಮೆತ್ತಿ ಕರಿಯಾಗಿದ್ದವು. ಊರಿನ ಐದಾರು ಮಂದಿ ಹಿರಿಯರು ಬೇವಿನ ನೆರಳಲ್ಲಿ ಕೂತಿದ್ದರು. ತಕರಾರು ಅರ್ಜಿಯನ್ನು ಅವರೇ ಬರೆಸಿ ಕೊಟ್ಟಿದ್ದರು. ಅಪ್ಪ ಅತ್ತ. ನಿಜವಾಗಿ ಕಣ್ಣೀರು ತೆಗೆದು ಅತ್ತ, ಮೂಗನ್ನು ಆ ಟವೆಲ್ಲಿಗೆ ಸೀಟಿದ.

"ಅಕ್ಕಾ, ನೀನ ಖುಷಿಲೇ ಬಿಟ್ಟಿ. ಸಾಹೇಬ್ರ ಮುಂದ ಹೌದ್ರಿ ಅಂದಿ. ಈಗ ನನ್ನ ಮಾನ ಯಾಕ ಕಳೀತಿ?"

ನೀಲತ್ತೆ ಅವನ ಕಡೆ ನೋಡಲೇ ಇಲ್ಲ. ನನ್ನ ಕಡೆ ತಿರುಗಿದಳು.

"ಶೈಲಿ, ಅವತ್ತ ನಿನ್ನ ಕೈಯಾಗ ಕಾಗದ ಕೊಟ್ಟಿದ್ದೆ. ಏನ ಬರದಿತ್ತು ಅದರಾಗ?"

ಹಿರಿಯರು ನನ್ನನ್ನು ನೋಡಿದರು. ಅಪ್ಪ ನನ್ನ ಭುಜದ ಮೇಲೆ ಕೈ ಇಟ್ಟ. ಅಂಗೈ ಒದ್ದೆಯಾಗಿತ್ತು. ಅಂಗಿಯ ಮೂಲಕ ಆ ತೇವ ಚರ್ಮಕ್ಕೆ ಹತ್ತಿತು. ಅದನ್ನು ಕೊಡವಿ ಪಕ್ಕಕ್ಕೆ ಸರಿದೆ.

"ಹಕ್ಕು ಬಿಡುಗಡೆ ಪತ್ರ ಅಂತ ಇತ್ತು."

"ಓದಿದ್ದಿ?"

"ಓದಿದ್ದೆ."

"ತಿಳದಿತ್ತು?"

"ತಿಳದಿತ್ತು ಅತ್ತಿ."

ಅಪ್ಪ ಅಲ್ಲೇ ನನ್ನ ಕೆನ್ನೆಗೆ ಬಾರಿಸಿದ. ಹಿರಿಯರೊಬ್ಬರು ಎದ್ದು ಅವನ ಕೈ ಹಿಡಿದರು. ನಾನು ನೀಲತ್ತೆಯ ಮುಖವನ್ನೇ ನೋಡುತ್ತಿದ್ದೆ. ಖರೇ ಹೇಳಿದೆನಲ್ಲ, ಈಗ ಹತ್ತಿರ ಕರೆಯುತ್ತಾಳೆ ಎಂದುಕೊಂಡಿದ್ದೆ. ಆಕೆ ಕರೆಯಲಿಲ್ಲ. ಒಲೆಯ ಕಡೆ ತಿರುಗಿ ಕಟ್ಟಿಗೆ ಮುಂದೆ ನೂಕಿದಳು.

ಮುಂದಿನದು ಬೇಗ ಮುಗಿಯಿತು. ಚಿಕ್ಕನರಗುಂದದವರು ಒಬ್ಬರೂ ಅಪ್ಪನ ಅಂಗಡಿಯಲ್ಲಿ ಬೀಜ ಕೊಳ್ಳಲಿಲ್ಲ. ಅಕ್ಕನನ್ನು ವಿಮಾನದ ಆಸೆ ತೋರಿಸಿ ಮೋಸ ಮಾಡಿದವ ಎಂಬ ಮಾತು ನರಗುಂದದ ಪೇಟೆಯನ್ನೆಲ್ಲ ಸುತ್ತಿ ರೋಣದವರೆಗೂ ಹೋಯಿತು. ಮುಂಗಾರು ಬಿತ್ತನೆ ಮುಗಿಯುವುದರೊಳಗೆ ಅಪ್ಪ ಅದೇ ಕಚೇರಿಗೆ ಹೋಗಿ ಆಕೆಯ ಪಾಲನ್ನು ಆಕೆಯ ಹೆಸರಿಗೆ ಮರಳಿ ಬರೆದುಕೊಟ್ಟ. ಪಶ್ಚಾತ್ತಾಪದಿಂದಲ್ಲ, ಗಿರಾಕಿ ಹೋದ ಸಂಕಟದಿಂದ. ಮನೆಯಲ್ಲಿ ವರ್ಷಗಟ್ಟಲೆ ಆಕೆಯನ್ನೇ ಬೈದರು, ನನ್ನನ್ನು ಮನೆಮುರುಕಿ ಎಂದರು. ಅವ್ವ ಅಡುಗೆ ಕಲಿಯಲಿಲ್ಲ, ಖಾನಾವಳಿಯಿಂದ ಡಬ್ಬಿ ಬರತೊಡಗಿತು. ನಾನು ಹೈಸ್ಕೂಲಿಗೆ ಗದಗಿನ ಹಾಸ್ಟೆಲ್ಲಿಗೆ ಹೋಗುತ್ತೇನೆಂದು ಹಟ ಹಿಡಿದು ಹೋದೆ. ಅಪ್ಪನ ಮೇಲಿನ ಹೇಸಿಗೆಯನ್ನು ಜೊತೆಗೇ ಒಯ್ದೆ, ಬಹಳ ವರ್ಷ ಅದನ್ನು ಒಳ್ಳೆಯತನವೆಂದೇ ತಿಳಿದಿದ್ದೆ. ಅವರು ಹೊಲಸು, ನಾನು ಬೇರೆ. ಆ ದಿನ ಕಚೇರಿಯಲ್ಲಿ ಅತ್ತೆಯ ಪಕ್ಕ ಕೂತು, ಅಚ್ಚುಕಟ್ಟಾಗಿ ಓದಿ, ಅಚ್ಚುಕಟ್ಟಾಗಿ ಸುಳ್ಳು ಹೇಳಿದವಳು ಯಾರು ಎಂಬುದನ್ನು ಅದರಡಿ ಮುಚ್ಚಿಟ್ಟಿದ್ದೆ.

ನೀಲತ್ತೆ ಹೊಲದಲ್ಲೇ ಮನೆ ಕಟ್ಟಿಕೊಂಡಳು. ಹೆಸರು, ಗೋವಿನಜೋಳ, ಕಡಲೆ ಬೆಳೆಯುತ್ತಾಳೆ. ಎರಡು ಎಮ್ಮೆ ಕಟ್ಟಿದ್ದಾಳೆ. ನನಗೀಗ ಮೂವತ್ತು ದಾಟಿದೆ. ವರ್ಷಕ್ಕೆ ನಾಲ್ಕೈದು ಸಲವಾದರೂ ಹೋಗುತ್ತೇನೆ. ಆಕೆ ಎಂದೂ ಕಹಿ ಮಾತಾಡಿದವಳಲ್ಲ. ಬಿಸಿ ರೊಟ್ಟಿ, ಮೇಲೆ ಬೆಣ್ಣೆ, ಹಸಿಮೆಣಸಿನಕಾಯಿ ಚಟ್ನಿ ಹಾಕಿ ಬಡಿಸುತ್ತಾಳೆ, ಹೋಗುವಾಗ ಚೀಲದ ತುಂಬ ಕಾಳು ಕಟ್ಟುತ್ತಾಳೆ. ಹೋದ ತಿಂಗಳು ನಾನು ಉಣ್ಣುತ್ತ ಕೂತಿದ್ದಾಗ ಕಾಲುವೆಯ ಇಲಾಖೆಯಿಂದ ಒಂದು ಲಕೋಟೆ ಬಂತು. ಟಪಾಲಿನವನು ಅದನ್ನು ನನ್ನ ಕೈಗೆ ಕೊಡಲು ಬಂದ. ನಾನು ಎಡಗೈ ಚಾಚಿದೆ. ನೀಲತ್ತೆ ನಡುವೆ ಬಂದು ಲಕೋಟೆ ತೆಗೆದುಕೊಂಡಳು.

"ನೀ ಉಣ್ಣವಾ. ಆರತೈತಿ."

ಅಂದವಳೇ ಬದುವಿನವರೆಗೆ ನಡೆದುಹೋಗಿ, ಆಚೆ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಒಬ್ಬ ಹುಡುಗಿಯನ್ನು ಕೂಗಿ ಕರೆದಳು. ಆ ಹುಡುಗಿ ಮಣ್ಣಿನ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಬಂದು, ಲಕೋಟೆ ಹರಿದು, ತಡವರಿಸುತ್ತ ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು. ನೀಲತ್ತೆ ಸೊಂಟದ ಮೇಲೆ ಕೈ ಇಟ್ಟುಕೊಂಡು, ಅವಸರ ಮಾಡದೆ, ಕೊನೆಯವರೆಗೂ ಕೇಳಿದಳು.